ನಿಂತವರಿಗೆ ಕಾನೂನಿಲ್ಲ

ಕೂತು ಕುಡಿದರೆ ಚೀಟಿ ಬೇಕು, ನಿಂತು ಕುಡಿದರೆ ಬೇಡ.
ನಾನು ಬರೆದ ಕಾನೂನಲ್ಲ. ರೋಮಿನಿಂದ ಬಂದದ್ದು,
ಮೂರು ಹಾಳೆ, ಕೆಳಗೊಂದು ಮೊಹರು.
ಬಾಗಿಲ ಗಾಜಿಗೆ ಅಂಟಿಸಿದೆ.
ಸಂಜೆಯೊಳಗೆ ಟ್ರಿಯೆಸ್ತೆಯ ಬೋರಾ ಗಾಳಿ
ಒಂದು ಹಾಳೆ ಕಿತ್ತುಕೊಂಡು ಸಮುದ್ರದ ಕಡೆ ಹೋಯಿತು.
ಯಾವ ಹಾಳೆ ಎಂದು ಯಾರೂ ಕೇಳಲಿಲ್ಲ.

ಎಜಿದಿಯೊ ಬಂದ, ಏಳೂವರೆಗೆ, ಎಂದಿನಂತೆ.
ಮೂವತ್ತೊಂದು ವರ್ಷ ಬಂದರಿನಲ್ಲಿ ಕ್ರೇನು ನಡೆಸಿದವನು,
ಕೂತೇ ದುಡಿದವನು, ಆಕಾಶದಲ್ಲಿ, ಗಾಜಿನ ಗೂಡಿನಲ್ಲಿ.
ಈಗ ಮಂಡಿ ಎರಡೂ ತುಕ್ಕು.
ಕಿಟಕಿ ಬದಿಯ ಕುರ್ಚಿಗೆ ಅವನ ಬೆನ್ನಿನ ಆಕಾರ ಬಂದುಬಿಟ್ಟಿದೆ.
"ಎಜಿದಿಯೊ, ಫೋನು ತೋರಿಸು" ಅಂದೆ,
ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವಳ ಹಾಗೆ.
"ಫುಲ್ವಿಯಾ, ನಿನ್ನ ಮದುವೆಯ ದಿನ ನಿನ್ನಪ್ಪ ಅತ್ತಾಗ
ಕರವಸ್ತ್ರ ಕೊಟ್ಟವನು ನಾನು.
ನಾನು ಯಾರೆಂದು ಈ ಡಬ್ಬಿಯನ್ನು ಕೇಳುತ್ತೀಯಾ?"

ಡಬ್ಬಿ ನನ್ನ ಕೈಯಲ್ಲಿ ಬಿಸಿಯಾಗಿತ್ತು.
ಅದಕ್ಕೆ ಎರಡೇ ಬಣ್ಣ ಗೊತ್ತು.
ಅವನಿಗೆ ಒಂದೇ ಮಾತು: ಸೂಜಿ ಒಲ್ಲೆ.
ಯಾಕೆ ಅಂದರೆ ದಿನಕ್ಕೊಂದು ಕಾರಣ,
ಹೃದಯ, ಸರ್ಕಾರ, ನೆರೆಯವನ ತೋಳಿನ ಬಾವು.
ನಿಜವಾದ ಕಾರಣ ನನಗೆ ಗೊತ್ತು:
ಹಾಕಿಸಿಕೋ ಎಂದು ಯಾರೋ ಬೆರಳೆತ್ತಿದರು.

ಸರಿ, ನಿಂತ.
ಒಂದು ಕೈಯಲ್ಲಿ ಕಟ್ಟೆ, ಒಂದು ಕೈಯಲ್ಲಿ ಲೋಟ,
ಮಾಸ್ಕು ಒಂದೇ ಕಿವಿಯಿಂದ ಜೋತುಬಿದ್ದು, ಸೋತ ಹಡಗಿನ ಬಾವುಟ.
ಎರಡು ಅಡಿ ಆಚೆ ಅವನ ಕುರ್ಚಿ.
ಹಸಿರು ತೋರಿಸಿದ ಪ್ರವಾಸಿಯೊಬ್ಬನ ಚೀಲ
ಅದರಲ್ಲಿ ಆರಾಮವಾಗಿ ಕೂತಿತ್ತು.

ಆ ವಾರ ಬಂದರಿನ ಗೇಟಿನಲ್ಲಿ ಜನ.
ಡ್ರಮ್ಮು, ಹೊಗೆ, ಕಿತ್ತಳೆ ಜಾಕೀಟು.
ಹಾಕಿಸಿಕೊಂಡವರೂ ಇದ್ದರು, ಹಾಕಿಸಿಕೊಳ್ಳದವರ ತೋಳು ಹಿಡಿದು:
ದುಡಿಯುವುದಕ್ಕೂ ಅಪ್ಪಣೆ ಚೀಟಿಯೇ?
ಪೊಲೀಸರು ನೀರು ಹಾರಿಸಿದರು.
ಒದ್ದೆಯಾದವರು ನನ್ನಲ್ಲಿಗೆ ಬಂದು ಕಟ್ಟೆಗೆ ಒತ್ತಿ ನಿಂತರು,
ಭುಜಕ್ಕೆ ಭುಜ, ಉಸಿರಿಗೆ ಉಸಿರು, ಇಪ್ಪತ್ತೆರಡು ಜನ.
ನಿಂತಿದ್ದರಲ್ಲ, ಕಾನೂನು ಸುಮ್ಮನಿತ್ತು.

ಆಗಲೇ ನನ್ನ ತಂಗಿ ಲೊರೆದಾನಾ ಬಂದಳು,
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ.
ಕೆನ್ನೆಯಲ್ಲಿ ಮಾಸ್ಕಿನ ಗೆರೆ, ಕುದುರೆಗೆ ಲಗಾಮು ಒತ್ತಿದ ಹಾಗೆ.
ಒಬ್ಬ ಹುಡುಗ ಕೂಗುತ್ತಿದ್ದ, ನಮ್ಮನ್ನು ಉಸಿರಾಡಲು ಬಿಡಿ.
ಅವಳು ಸಕ್ಕರೆ ಕಲಕುತ್ತಲೇ ಇದ್ದಳು.
ಕರಗಿ ಎಷ್ಟೋ ಹೊತ್ತಾಗಿತ್ತು.
ಏನೂ ಅನ್ನಲಿಲ್ಲ. ನಾನು ಎಂದೂ ತೆಗೆದುಕೊಳ್ಳದ ದುಡ್ಡು ಇಟ್ಟು
ಹೋದಳು.
ಆ ಹುಡುಗನ ಮೇಲೆ ನನಗೆ ಸಿಟ್ಟು ಬಂತು, ಅವಳ ಮೇಲೂ,
ಗಾಜಿನಲ್ಲಿ ಉಳಿದ ಎರಡು ಹಾಳೆಯ ಮೇಲೂ.

ಮರುದಿನ ಬಿಯರ್ ಪೆಟ್ಟಿಗೆ ತಂದು
ಕಟ್ಟೆಯ ಮುಂದೆ ಒಂದರ ಮೇಲೊಂದು ಇಟ್ಟೆ.
ಎಜಿದಿಯೊ ಒರಗಿದ. ಪೂರ್ತಿ ಕೂತದ್ದಲ್ಲ, ಪೂರ್ತಿ ನಿಂತದ್ದೂ ಅಲ್ಲ.
ಎಳೆಯ ಪೊಲೀಸಿನವನು ಬಗ್ಗಿ ನೋಡಿದ.
"ಇದು ಕೂತಿರುವುದೋ?"
"ಪಾದ ನೆಲದ ಮೇಲಿದೆ" ಅಂದೆ.
"ಅಂಡು?"
"ಅಂಡು ಯೋಚನೆ ಮಾಡುತ್ತಿದೆ" ಅಂದ ಎಜಿದಿಯೊ.
ಹುಡುಗನ ಮಾಸ್ಕು ಒಳಗಿನಿಂದ ಉಬ್ಬಿತು.
ನಕ್ಕನೋ, ಬೈದನೋ, ತಿಳಿಯಲಿಲ್ಲ.
ಆ ವರ್ಷ ಯಾರದ್ದೂ ತಿಳಿಯುತ್ತಿರಲಿಲ್ಲ.

ಜನವರಿಯಲ್ಲಿ ನಿಂತವರಿಗೂ ಚೀಟಿ ಅಂದರು.
ಅವನ ಲೋಟ ಕವುಚಿಯೇ ಇತ್ತು, ವಸಂತದವರೆಗೆ.

ಆಮೇಲೆ ಎಲ್ಲ ಎತ್ತಿಬಿಟ್ಟರು.
ಕಿಟಕಿಯ ಕುರ್ಚಿ ಒರೆಸಿ ಇಟ್ಟೆ.
ಏಳೂವರೆಗೆ ಬಂದ. ಕುರ್ಚಿ ನೋಡಿದ. ಕಟ್ಟೆಗೆ ಬಂದು ನಿಂತ.
"ಮಂಡಿ?"
"ನೋಯುತ್ತೆ. ನೀನು ಕಾಫಿ ಹಾಕು."
ಹಾಕಿದೆ.
ಬಾಗಿಲು ತೆರೆದ ಸದ್ದು. ಲೊರೆದಾನಾ, ತಿಂಗಳುಗಳ ಮೇಲೆ.
ನನ್ನ ಕೈ ತಾನೇ ತಾನಾಗಿ
ಏಪ್ರನ್ನಿನ ಜೇಬಿಗೆ ಹೋಯಿತು, ಡಬ್ಬಿಗೆ.